ಕುಣಿಯುವ ಅಕ್ಷರದಲ್ಲಿ ಶ್ರದ್ಧಾಂಜಲಿ

ಎಷ್ಟೋ ತಿಂಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೆ. ಈಗ ಬಂದಿರೋದು ಜಗಳ ಆಡೋಕೆ. ಯಾರ ಜೊತೆ ಅಂತೀರಾ? ಮೊದಲು ನನ್ನ ಜೊತೆ, ಆಮೇಲೆ ನಿಮ್ಮ ಜೊತೆ :)

ಕಳೆದ ವರ್ಷ ನಮ್ಮ ಚಿಕ್ಕಪ್ಪ ತೀರಿಕೊಂಡರು. ದೊಡ್ಡಬಳ್ಳಾಪುರದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬೋರ್ಡು ಬರೆದವರು. ಸೀರೆ ಅಂಗಡಿ, ಮಗ್ಗದ ಮನೆ, ಸೊಸೈಟಿ, ಶಾಲೆ, ಗೊಬ್ಬರದ ಅಂಗಡಿ, ಬಸ್ಸಿನ ಹಣೆ, ಲಾರಿಯ ಬೆನ್ನು, ಚುನಾವಣೆ ಬಂದರೆ ಊರಿನ ಎಲ್ಲಾ ಪಕ್ಷದ ಗೋಡೆ. ಬೆಳಿಗ್ಗೆ ಒಂದು ಪಕ್ಷದ ಗುರುತು, ಸಂಜೆ ಅದರ ಎದುರು ಪಕ್ಷದ್ದು. "ನಂದು ಒಂದೇ ಪಕ್ಷ ಕಣೋ, ಏಷ್ಯನ್ನು, ಬರ್ಜರು" ಅಂತ ಪೇಂಟ್ ಕಂಪನಿಗಳ ಹೆಸರು ಹೇಳಿ ನಗೋರು. ಟರ್ಪೆಂಟೈನ್ ವಾಸನೆ ಬಂದರೆ ಈಗಲೂ ನನಗೆ ಅವರ ಅಂಗಿ ನೆನಪಾಗುತ್ತದೆ.

ಅವರು ಹೋದ ದಿನ ಎಲ್ಲರೂ ಗಡಿಬಿಡಿಯಲ್ಲಿದ್ದೆವು. ಫ್ಲೆಕ್ಸ್ ಮಾಡಿಸೋ ಕೆಲಸ ನನ್ನ ಪಾಲಿಗೆ ಬಂತು. ಅಂಗಡಿ ಹುಡುಗ ಫೋಟೋ ತಗೊಂಡ, ಹುಟ್ಟಿದ್ದು ಹೋದದ್ದು ಬರ್ಕೊಂಡ, ಆಮೇಲೆ ಕೇಳಿದ: "ಯಾವ ಫಾಂಟ್ ಹಾಕ್ಲಿ ಸಾರ್?" ನಾನು ಫೋನಿನಲ್ಲಿ ಯಾರಿಗೋ ದಾರಿ ಹೇಳ್ತಾ ಇದ್ದೆ. "ಯಾವ್ದಾದ್ರೂ ಹಾಕಪ್ಪ, ಬೇಗ ಆಗ್ಬೇಕು" ಅಂದೆ. ಅವನೂ ಹಾಗೇ ಮಾಡಿದ. ತಪ್ಪು ಅವನದಲ್ಲ, ಇದನ್ನು ಮೊದಲೇ ಹೇಳಿಬಿಡ್ತೀನಿ.

ಬಂದ ಫ್ಲೆಕ್ಸಿನಲ್ಲಿ ಚಿಕ್ಕಪ್ಪನ ಫೋಟೋ ಮೇಲೆ ದಪ್ಪ ದಪ್ಪ, ಗುಂಡು ಗುಂಡು, ಮೂಲೆಗಳೇ ಇಲ್ಲದ ಅಕ್ಷರದಲ್ಲಿ "ಭಾವಪೂರ್ಣ ಶೃದ್ದಾಂಜಲಿ". ಶ್ರ ಹೋಗಿ ಶೃ ಆಗಿತ್ತು, ಧ ಒತ್ತು ಹೋಗಿ ದ ಒತ್ತು ಆಗಿತ್ತು. ಸಾಲದ್ದಕ್ಕೆ ಒಂದಕ್ಷರ ಮೇಲೆ ಒಂದಕ್ಷರ ಕೆಳಗೆ, ಬಲೂನು ಹಾರಿಸಿದ ಹಾಗೆ. ಹಳದಿ ಬಣ್ಣ, ಕೆಂಪು ಅಂಚು. ಯಾರೂ ಏನೂ ಅನ್ನಲಿಲ್ಲ. ನನಗೂ ಏನೂ ಅನ್ನಿಸಲಿಲ್ಲ, ಅದೇ ಈಗ ನಾಚಿಕೆ.

ತಿಥಿಯ ದಿನ ಚಿಕ್ಕಪ್ಪನ ಹಳೇ ಜೊತೆಗಾರರೊಬ್ಬರು ಬಂದಿದ್ದರು. ಅವರೂ ಪೇಂಟರ್ರೇ. ಕನ್ನಡಕ ಹಣೆಗೆ ಏರಿಸಿ ಆ ಫ್ಲೆಕ್ಸ್ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ನನ್ನ ಭುಜದ ಮೇಲೆ ಕೈ ಇಟ್ಟು ಮೆಲ್ಲಗೆ ಹೇಳಿದರು: "ಏನಪ್ಪಾ, ನಿಮ್ ಚಿಕ್ಕಪ್ಪನ್ನ ಐಸ್‌ಕ್ರೀಮ್ ಅಂಗ್ಡಿ ಮಾಡ್ಬಿಟ್ಟಿದೀಯಲ್ಲೋ."

ಅವತ್ತಿಂದ ಬೋರ್ಡು ನೋಡೋದು ನನಗೆ ಕಾಯಿಲೆ ಆಗಿದೆ.

*

ಮೊದಲು ಆ ಅಕ್ಷರದ ಪರವಾಗಿ ಎರಡು ಮಾತು. ಗುಂಡಗೆ, ತುಂಬಿಕೊಂಡು, ನಗುವ ಹಾಗಿರೋ ಅಕ್ಷರಗಳ ಮೇಲೆ ನನಗೆ ಸಿಟ್ಟಿಲ್ಲ. ಆ ಜಾತಿಯ ಅಕ್ಷರಗಳಲ್ಲಿ ಕನ್ನಡಕ್ಕೆ ಸಿಕ್ಕಿರುವ ಒಳ್ಳೆಯದು ಅಂದರೆ 'ಬಾಲೂ ತಮ್ಮ'. ಮುಂಬಯಿಯ ಏಕ್ ಟೈಪ್ ತಂಡದ ಕೆಲಸ. ಒಂದೇ ಗುಣದ ಅಕ್ಷರವನ್ನು ದೇಶದ ಬೇರೆ ಬೇರೆ ಲಿಪಿಗಳಿಗೆ ಮಾಡಿ, ಪ್ರತಿಯೊಂದಕ್ಕೂ ಆಯಾ ಭಾಷೆಯ ಅಣ್ಣತಮ್ಮಂದಿರ ಹೆಸರು ಇಟ್ಟರು. ಗುಜರಾತಿಗೆ ಭಾಯಿ, ಬಂಗಾಳಿಗೆ ದಾ, ಗುರುಮುಖಿಗೆ ಪಾಜಿ, ಮಲಯಾಳಕ್ಕೆ ಚೇಟ್ಟನ್, ತಮಿಳಿಗೆ ತಂಬಿ, ತೆಲುಗಿಗೆ ತಮ್ಮುಡು, ನಮಗೆ ತಮ್ಮ. ಪುಕ್ಕಟೆ, ಮುಕ್ತ ಪರವಾನಗಿ, ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದು. ಹೆಸರೇ ಕರಡಿಯದ್ದು, ನೋಡೋಕೂ ಕರಡಿಮರಿ ಹಾಗೇ ಇದೆ. ಮೊದಲು ಒಂದೇ ದಪ್ಪದಲ್ಲಿ ಬಂತು, ಆಮೇಲೆ ಎರಡನೇ ಆವೃತ್ತಿಯಲ್ಲಿ ತೆಳು ದಪ್ಪ ಎಲ್ಲಾ ಸೇರಿ ಐದು ತೂಕ ಆಯಿತು.

ಕನ್ನಡ ಲಿಪಿ ಮೊದಲೇ ಗುಂಡಗಿನದು. ಹಾಗಾಗಿ ಇಂಥ ಅಕ್ಷರ ನಮಗೆ ಚೆನ್ನಾಗಿ ಒಗ್ಗುತ್ತದೆ. ಮಕ್ಕಳ ಪುಸ್ತಕದ ಮುಖಪುಟ, ಶಾಲೆ ವಾರ್ಷಿಕೋತ್ಸವ, ಹಣ್ಣಿನ ರಸದ ಅಂಗಡಿ, ಆಟಿಕೆ ಅಂಗಡಿ, ಹಾಸ್ಯ ಸಿನಿಮಾದ ಪೋಸ್ಟರು, ಬೇಸಿಗೆ ಶಿಬಿರ... ಇಲ್ಲೆಲ್ಲಾ ಹಾಕಿ, ನಾನೇ ಬಂದು ಚಪ್ಪಾಳೆ ಹೊಡೀತೀನಿ. ಇಂಥದ್ದನ್ನು ಮಾಡಿರೋದೇ ದೊಡ್ಡದಾಗಿ ನಾಲ್ಕೈದು ಪದ ಬರೆಯೋದಕ್ಕೆ. ಪುಸ್ತಕದ ಒಳಪುಟಕ್ಕೂ ಅಲ್ಲ, ಸಾವಿಗೂ ಅಲ್ಲ.

ಇಂಗ್ಲಿಷಿನವರಿಗೆ ಈ ಜಾತಿಯ ಅಕ್ಷರದ ಅಜ್ಜ ಇದ್ದಾನೆ, ಕೂಪರ್ ಬ್ಲ್ಯಾಕ್ ಅಂತ. ಆಸ್ವಾಲ್ಡ್ ಕೂಪರ್ ಎಂಬಾತ ಮಾಡಿದ್ದು, 1922ರಲ್ಲಿ ಬಂದದ್ದು. 1966ರ ಬೀಚ್ ಬಾಯ್ಸ್ ತಂಡದ 'ಪೆಟ್ ಸೌಂಡ್ಸ್' ರೆಕಾರ್ಡಿನ ಹೊದಿಕೆ ಮೇಲೂ ಅದೇ ಇತ್ತು. ಎಪ್ಪತ್ತರ ದಶಕದ ನೆನಪು ತರಿಸಬೇಕು ಅಂದರೆ ಇವತ್ತಿಗೂ ಅದನ್ನೇ ಎಳೆದು ತರುತ್ತಾರೆ. ಇನ್ನೊಂದು ಕಾಮಿಕ್ ಸ್ಯಾನ್ಸ್, 1994ರಲ್ಲಿ ಮೈಕ್ರೋಸಾಫ್ಟಿನಲ್ಲಿ ವಿನ್ಸೆಂಟ್ ಕೊನೇರ್ ಮಾಡಿದ್ದು. 2012ರ ಜುಲೈ 4ರಂದು ಸರ್ನ್‌ನಲ್ಲಿ ಹಿಗ್ಸ್ ಬೋಸಾನ್ ಸಿಕ್ಕಿದ ಸುದ್ದಿ ಹೇಳುವಾಗ ಒಂದು ತಂಡದ ಸ್ಲೈಡುಗಳು ಕಾಮಿಕ್ ಸ್ಯಾನ್ಸ್‌ನಲ್ಲಿದ್ದವು. ಬ್ರಹ್ಮಾಂಡದ ಅಷ್ಟು ದೊಡ್ಡ ಗುಟ್ಟು ಬಯಲಾಗ್ತಾ ಇದ್ದರೂ ಅರ್ಧ ಜನ ಫಾಂಟಿನ ಬಗ್ಗೆ ಜಗಳ ಆಡಿದರು. ಅವತ್ತು ನಾನೂ ನಕ್ಕಿದ್ದೆ, ಇವರಿಗೆ ಬೇರೆ ಕೆಲಸ ಇಲ್ವಾ ಅಂತ. ಈಗ ಅನ್ನಿಸ್ತದೆ, ಆ ಜಗಳ ಆಡೋರು ಇರೋದರಿಂದಲೇ ಅವರ ಊರಿನ ಬೋರ್ಡು ಹಾಗಿರೋದು. ನಮ್ಮಲ್ಲಿ ಒಬ್ಬ ಬೋರ್ಡು ಬರೆಯುವವನ ಸಾವಿನ ಫ್ಲೆಕ್ಸೇ ಕುಣಿಯುತ್ತಾ ನಿಂತರೂ ಒಬ್ಬರೂ ತುಟಿ ಪಿಟಕ್ ಅನ್ನಲಿಲ್ಲ.

*

"ಅಯ್ಯೋ, ಈ ತಮಾಷೆ ಅಕ್ಷರ ಎಲ್ಲಾ ಇಂಗ್ಲಿಷಿನಿಂದ ಬಂದ ಶೋಕಿ ಕಣ್ರೀ" ಅಂತ ಮೊನ್ನೆ ಒಬ್ಬ ಗೆಳೆಯ ಅಂದ. ಸುಳ್ಳು. ಕನ್ನಡ ಅಕ್ಷರ ಕುಣಿಸೋದನ್ನು ನಾನು ಕಂಡದ್ದು ನಮ್ಮ ಚಿಕ್ಕಪ್ಪನ ಕೈಯಲ್ಲೇ. ಐಸ್ ಕ್ಯಾಂಡಿ ಗಾಡಿಗೆ ಬರೆದರೆ ಪ್ರತಿ ಅಕ್ಷರದ ನೆತ್ತಿ ಮೇಲೂ ಹಿಮ ಕೂತಿರುತ್ತಿತ್ತು, ಕೆಳಗಡೆ ನೀಲಿ ಹನಿ ತೊಟ್ಟಿಕ್ಕುತ್ತಿತ್ತು. ದರ್ಜಿ ಅಂಗಡಿ ಅಂದರೆ ಕೊನೇ ಅಕ್ಷರದಿಂದ ಒಂದು ದಾರ ಹೊರಟು ಸೂಜಿಗೆ ಸೇರುತ್ತಿತ್ತು. ಸೈಕಲ್ ಶಾಪಿನ ಠ ಅಕ್ಷರದ ಒಳಗೆ ಚಕ್ರದ ಕಡ್ಡಿ. ನೆಲಮಂಗಲದ ಕಡೆಯಿಂದ ಬರೋ ಲಾರಿಯವರಿಗೆ ಮೂರು ಬಣ್ಣದ ನೆರಳಿರುವ ಅಕ್ಷರವೇ ಬೇಕು, ಅದೂ "ತಾಯಿಯ ಆಶೀರ್ವಾದ"ಕ್ಕೆ. ತುಮಕೂರು ರಸ್ತೆ, ಹಾಸನ ರಸ್ತೆ ಕವಲೊಡೆಯುವ ಜಾಗ ಅದು. ಅಲ್ಲಿ ಒಂದು ಗಂಟೆ ನಿಂತರೆ ಸಾಕು, ಅರ್ಧ ಕರ್ನಾಟಕದ ಕೈಬರಹ ಕಣ್ಣ ಮುಂದೆ ಹಾದು ಹೋಗುತ್ತಿತ್ತು.

ಆದರೆ ಅದೇ ಚಿಕ್ಕಪ್ಪ ಆಸ್ಪತ್ರೆ ಬೋರ್ಡು ಬರೆಯುವಾಗ ಒಂದು ಸುಳಿಯನ್ನೂ ಎಳೆಯುತ್ತಿರಲಿಲ್ಲ. ನೆಟ್ಟಗೆ, ದೂರದಿಂದ ಕಾಣುವ ಹಾಗೆ, ಬಿಳಿ ಮೇಲೆ ಕೆಂಪು. ಶ್ರದ್ಧಾಂಜಲಿ ಬಟ್ಟೆ ಬ್ಯಾನರ್ ಆದರೆ ಕಪ್ಪು ಬಣ್ಣ, ತೆಳು ಅಕ್ಷರ, ಸುತ್ತಲೂ ಬೇಕಾದಷ್ಟು ಜಾಗ. "ಸತ್ತೋರ ಹೆಸ್ರು ಕೂಗ್ಬಾರ್ದು, ಹೇಳ್ಬೇಕು" ಅನ್ನೋರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ಮನುಷ್ಯ. ಡಿಸೈನ್ ಅನ್ನೋ ಪದ ಅವರಿಗೆ ಸೀರೆ ಅಂಚಿಗೆ ಮಾತ್ರ ಗೊತ್ತಿತ್ತು.

ಇನ್ನೊಂದು ಲೆಕ್ಕ ಅವರು ಹೇಳ್ತಿದ್ದರು, ನಮ್ಮ ಜಿಲ್ಲೆಯವರಿಗೆ ಇಷ್ಟ ಆಗಬಹುದು. ಹೊಸಕೋಟೆ, ನೆಲಮಂಗಲ ಬರೆಯೋದು ಸುಲಭ, ಎರಡರಲ್ಲೂ ಒಂದೂ ಒತ್ತಕ್ಷರ ಇಲ್ಲ. ದೇವನಹಳ್ಳಿಗೆ ಒಂದು ಒತ್ತು. ದೊಡ್ಡಬಳ್ಳಾಪುರಕ್ಕೆ ಎರಡು. "ಸುಬ್ರಹ್ಮಣ್ಯ"ಕ್ಕೆ ಮೂರು! ಹಾಗಾಗಿ ಘಾಟಿ ಸುಬ್ರಹ್ಮಣ್ಯದ ಜಾತ್ರೆ ಬೋರ್ಡಿಗೆ ತಗಡು ಯಾವಾಗಲೂ ಸ್ವಲ್ಪ ಎತ್ತರದ್ದೇ ಕೇಳೋರು. ಮೊದಲು ದಾರಕ್ಕೆ ಸೀಮೆಸುಣ್ಣದ ಪುಡಿ ಹಚ್ಚಿ ಎರಡು ಗೆರೆ ಹೊಡೆಯೋರು, ಅದರ ಕೆಳಗೆ ಮೂರನೇ ಗೆರೆ ಒತ್ತಕ್ಷರಕ್ಕೆ. ಇಂಗ್ಲಿಷಿಗೆ ಆ ಮೂರನೇ ಗೆರೆ ಬೇಡ. ಇವತ್ತು ಬೋರ್ಡು ಮಾಡೋ ಬಹಳ ಜನಕ್ಕೆ ಆ ಮೂರನೇ ಗೆರೆ ಇದೆ ಅನ್ನೋದೇ ಗೊತ್ತಿಲ್ಲ. ಅದಕ್ಕೇ ಮೊದಲ ಸಾಲಿನ ಒತ್ತಕ್ಷರ ಎರಡನೇ ಸಾಲಿನ ದೀರ್ಘಕ್ಕೆ ಡಿಕ್ಕಿ ಹೊಡೆದು ಎರಡೂ ಸಾಯ್ತವೆ.

*

ಈ ಕೈಬರಹ ಹೇಗೆ ಹೋಯ್ತು ಅಂತ ಒಂದೇ ಉಸಿರಲ್ಲಿ ಹೇಳಿಬಿಡ್ತೀನಿ. ತೊಂಬತ್ತರ ದಶಕದಲ್ಲಿ ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ ಗೋಡೆ ಬರಹಕ್ಕೆ ಕಡಿವಾಣ ಬಿತ್ತು. ಗೋಡೆಗಳಿಗೆ ಒಳ್ಳೆಯದಾಯ್ತು, ಪೇಂಟರುಗಳ ಒಂದು ಹಂಗಾಮು ಹೋಯ್ತು. ಆಮೇಲೆ ಸ್ಟಿಕ್ಕರ್ ಕತ್ತರಿಸೋ ಯಂತ್ರ ಬಂತು. ಅದರ ಹಿಂದೆಯೇ ಫ್ಲೆಕ್ಸು. ಬೆಳಿಗ್ಗೆ ಹೇಳಿದರೆ ಮಧ್ಯಾಹ್ನ ಕೈಗೆ, ಅದೂ ಫೋಟೋ ಸಮೇತ, ಪೇಂಟರ್ ಕೇಳೋದರ ಕಾಲು ಭಾಗಕ್ಕೆ. 2016ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಜೊತೆ ಫ್ಲೆಕ್ಸನ್ನೂ ನಿಷೇಧ ಮಾಡಿದಾಗ ಚಿಕ್ಕಪ್ಪ ಬ್ರಷ್ಷುಗಳನ್ನೆಲ್ಲ ತೊಳೆದು ಇಟ್ಟಿದ್ದರು. 2018ರ ಆಗಸ್ಟಿನಲ್ಲಿ ಹೈಕೋರ್ಟು ಗದರಿದ ಮೇಲೆ ಬೆಂಗಳೂರಿನಲ್ಲಿ ಫ್ಲೆಕ್ಸುಗಳನ್ನು ಇಳಿಸಿದ್ದು ಟೀವಿಯಲ್ಲಿ ನೋಡಿ ಇನ್ನೊಂದು ಸಲ ತೊಳೆದರು. ಏನಾಯ್ತು ಅಂತ ನಿಮಗೇ ಗೊತ್ತು. ಅವರ ಶ್ರದ್ಧಾಂಜಲಿಯೇ ಫ್ಲೆಕ್ಸಿನಲ್ಲಿ ಆಯ್ತು.

ಇಲ್ಲಿಗೆ ಬಂದ ಮೇಲೆ "ಅಯ್ಯೋ ಆ ಕಾಲ ಎಷ್ಟು ಚೆಂದ" ಅಂತ ಕಣ್ಣೀರು ಹಾಕಬೇಕು, ಬ್ಲಾಗಿನ ಸಂಪ್ರದಾಯ. ಹಾಕಲ್ಲ. ಆ ಕಾಲ ಅಷ್ಟೇನೂ ಚೆಂದ ಇರಲಿಲ್ಲ. ಬಿಸಿಲಿನಲ್ಲಿ ಸಾರವೆ ಮೇಲೆ ನಿಂತು ಬರೆಯಬೇಕು, ಬಣ್ಣದ ವಾಸನೆ ಕುಡೀಬೇಕು, ದುಡ್ಡಿಗೆ ಆರು ಸಲ ಅಲೀಬೇಕು. ಅವರ ಮಗನನ್ನು ಈ ಕಸುಬಿಗೆ ಹತ್ತಿರ ಸೇರಿಸಲಿಲ್ಲ. ಸರಿಯಾಗೇ ಮಾಡಿದರು. ಎಲ್ಲರೂ ಮತ್ತೆ ಬ್ರಷ್ ಹಿಡೀರಿ ಅಂತ ನಾನು ಹೇಳ್ತಿಲ್ಲ. ಅವರ ಕೈಯಲ್ಲಿದ್ದ ಆ ತಿಳಿವಳಿಕೆ, ಎಲ್ಲಿ ಕುಣಿಸಬೇಕು ಎಲ್ಲಿ ಸುಮ್ಮನಿರಬೇಕು ಅನ್ನೋದು, ಕಂಪ್ಯೂಟರಿಗೆ ಬರುವಾಗ ದಾರಿಯಲ್ಲಿ ಎಲ್ಲೋ ಬಿದ್ದುಹೋಯ್ತಲ್ಲ, ಅದಕ್ಕೆ ನನ್ನ ತಕರಾರು.

*

ಈಗ ದೊಡ್ಡ ಜಗಳಕ್ಕೆ ಬರ್ತೀನಿ.

2023ರ ಡಿಸೆಂಬರ್ 27, ನೆನಪಿದೆಯಾ? ದೇವನಹಳ್ಳಿ ರಸ್ತೆಯ ಸಾದಹಳ್ಳಿ ಟೋಲ್ ಹತ್ತಿರದಿಂದಲೇ ಕನ್ನಡ ರಕ್ಷಣಾ ವೇದಿಕೆಯ ಮೆರವಣಿಗೆ ಹೊರಟಿದ್ದು. ಇಂಗ್ಲಿಷ್ ಬೋರ್ಡುಗಳು ಉದುರಿದವು, ಬಂಧನ ಆಯ್ತು, ದೇಶದ ಟೀವಿಗಳೆಲ್ಲಾ ತೋರಿಸಿದವು. 2024ರ ಫೆಬ್ರವರಿಯಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ ತಿದ್ದುಪಡಿಗೆ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು. ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಗಾಜು ಒಡೆದದ್ದು ನನಗೆ ಇಷ್ಟ ಆಗಲಿಲ್ಲ, ಕಾನೂನು ಇಷ್ಟ ಆಯ್ತು. ಕನ್ನಡದ ನೆಲದಲ್ಲಿ ಕನ್ನಡ ದೊಡ್ಡದಾಗಿ ಕಾಣಬೇಕು, ಅದರಲ್ಲಿ ಎರಡು ಮಾತಿಲ್ಲ.

ಆಮೇಲೆ ಏನಾಯ್ತು? ಟೇಪು ಹಿಡಿದು ಅಳೆಯೋ ಆಟ ಆಯ್ತು. ನೀವೇ ಒಂದು ಸಂಜೆ ವಿಮಾನ ನಿಲ್ದಾಣದ ರಸ್ತೆಯಲ್ಲಿ ಹೋಗಿ ನೋಡಿ. ಹೊಸ ಹೋಟೆಲು, ಹೊಸ ಲೇಔಟು, ಹೊಸ ಕೆಫೆ. ಇಂಗ್ಲಿಷ್ ಹೆಸರಿಗೆ ಯಾರೋ ಡಿಸೈನರ್ ಕೂತು ತಿಂಗಳುಗಟ್ಟಲೆ ಬೆವರು ಸುರಿಸಿರ್ತಾರೆ. ಎಪ್ಪತ್ತರ ದಶಕದ ಗುಂಡು ಅಕ್ಷರ, ಬಾಲಕ್ಕೆ ಸುಳಿ, ಒಳಗೆ ಬೆಳಕು. ಅದರ ಮೇಲೆ ಕನ್ನಡ. ಹೇಗಿರುತ್ತೆ? ಕಂಪ್ಯೂಟರಿನಲ್ಲಿ ಮೊದಲು ಸಿಕ್ಕಿದ ಅಕ್ಷರವನ್ನು ಹಿಡಿದು ಚಪಾತಿ ಹಿಟ್ಟಿನ ಹಾಗೆ ಅಡ್ಡಡ್ಡ ಎಳೆದಿರ್ತಾರೆ, ಶೇಕಡಾ ಅರವತ್ತು ತುಂಬಬೇಕಲ್ಲ. ಎಳೆದಾಗ ಏನಾಗುತ್ತೆ ಅಂದರೆ ನಿಂತ ಗೆರೆ ದಪ್ಪ ಆಗುತ್ತೆ, ಮಲಗಿದ ಗೆರೆ ಮೊದಲಿನ ಹಾಗೇ ತೆಳ್ಳಗೆ ಉಳಿಯುತ್ತೆ, ದುಂಡಗಿದ್ದ ರ ಮೊಟ್ಟೆ ಆಗುತ್ತೆ. ಇಂಗ್ಲಿಷು ಮದುವೆ ಮನೆಗೆ ಬಂದ ಹಾಗೆ, ಕನ್ನಡ ಪೊಲೀಸ್ ಸ್ಟೇಷನ್ನಿಗೆ ಸಹಿ ಹಾಕೋಕೆ ಬಂದ ಹಾಗೆ.

ಇದು ಕನ್ನಡಕ್ಕೆ ಕೊಟ್ಟ ಗೌರವ ಅಲ್ಲ ಸ್ವಾಮಿ, ದಂಡ ಕಟ್ಟಿದ ರಸೀದಿ.

ಇನ್ನು ಕೆಲವರದು ಇನ್ನೂ ದೊಡ್ಡ ಶೋಕಿ. "ಹಳ್ಳಿ ಸೊಗಡು" ಅಂತ ರೆಸಾರ್ಟು. ಗೋಡೆ ಮೇಲೆ ಹಳೇ ಬೋರ್ಡು ಬರೆಯೋರ ಕೈಬರಹದ ಹಾಗೆ ಕಾಣೋ ಇಂಗ್ಲಿಷ್ ಅಕ್ಷರ, ತುಕ್ಕು ಹಿಡಿದ ಹಾಗೆ ಬಣ್ಣ ಕೂಡ ಬಳಿದಿರ್ತಾರೆ. ಅಲ್ಲಿಂದ ಅರ್ಧ ಗಂಟೆ ದೂರದ ದೊಡ್ಡಬಳ್ಳಾಪುರದಲ್ಲಿ ಆ ಕೈಬರಹದ ನಿಜವಾದ ಒಡೆಯರು ಕೆಲಸ ಇಲ್ಲದೆ ಕೂತಿದ್ದಾರೆ. ದೆಹಲಿಯ ಹನೀಫ್ ಕುರೇಶಿ ಇಂಥ ಪೇಂಟರುಗಳ ಕೈಬರಹವನ್ನು ಅವರ ಹೆಸರಿನ ಸಮೇತವೇ ಫಾಂಟು ಮಾಡುವ 'ಹ್ಯಾಂಡ್‌ಪೇಂಟೆಡ್‌ಟೈಪ್' ಅನ್ನೋ ಕೆಲಸ ಶುರು ಮಾಡಿದ್ದರು. 2024ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಹಳೇದರ ಮೇಲೆ ನಿಜವಾಗಿ ಪ್ರೀತಿ ಇದ್ದರೆ ದಾರಿ ಅದು. ಬರೆದವನ ಹೆಸರು ಅಳಿಸಿ ಬರಹ ಮಾತ್ರ ಎತ್ಕೊಂಡು ಹೋಗೋದಕ್ಕೆ ನಮ್ಮ ಕಡೆ ಬೇರೆ ಪದ ಇದೆ.

*

ನನಗೆ ಬರೋ ಉತ್ತರಗಳೂ ಗೊತ್ತು. ಒಂದೊಂದಾಗಿ ನೋಡೋಣ.

"ಅರ್ಥ ಆದ್ರೆ ಸಾಕಲ್ವಾ?" ಆದ್ರೆ ಸಾಕು, ಆಗ್ಬೇಕಲ್ಲ. ಅಕ್ಷರ ದಪ್ಪ ಕಾಣಲಿ ಅಂತ ಫ್ಲೆಕ್ಸ್ ಅಂಗಡಿಗಳಲ್ಲಿ ಅದರ ಸುತ್ತ ಅಂಚು ಬಳಿದು ಊದಿಸ್ತಾರೆ. ಕನ್ನಡದಲ್ಲಿ ದಕ್ಕೂ ಧಕ್ಕೂ ಇರೋ ವ್ಯತ್ಯಾಸ ಹೊಟ್ಟೆ ಕೆಳಗಿನ ಒಂದು ಸಣ್ಣ ಸೀಳು. ಪಕ್ಕೂ ಫಕ್ಕೂ ಅಷ್ಟೇ, ಡಕ್ಕೂ ಢಕ್ಕೂ ಅಷ್ಟೇ. ಊದಿಸಿದ ತಕ್ಷಣ ಆ ಸೀಳು ಮುಚ್ಚಿಹೋಗುತ್ತೆ. ನಮ್ಮ ಕಡೆ ಒಂದು ಚೀಟಿ ವ್ಯವಹಾರದ ಬೋರ್ಡು ಇದೆ, ಹೆಸರು ಹೇಳಲ್ಲ, ಹೆಸರಿನ ಮೊದಲ ಪದ ಧನ. ದೂರದಿಂದ ಓದಿದರೆ ದನ. ಘಾಟಿ ದನಗಳ ಜಾತ್ರೆಗೆ ಬಂದವರು ಅಲ್ಲಿಗೇ ಹೋಗಿ ಎತ್ತಿಗೆ ಬೆಲೆ ಕೇಳಿದರೂ ಆಶ್ಚರ್ಯ ಇಲ್ಲ. ನಗು ಬರುತ್ತೆ ನಿಜ. ಅದೇ ತಪ್ಪು ಔಷಧಿ ಅಂಗಡಿಯಲ್ಲೋ ವಿದ್ಯುತ್ ಕಂಬದ ಎಚ್ಚರಿಕೆಯಲ್ಲೋ ಆದರೆ?

"ಕನ್ನಡದಲ್ಲಿ ಒಳ್ಳೇ ಫಾಂಟ್ ಎಲ್ಲಿದೆ?" ಈ ಮಾತಿಗೆ ಒಂದು ಕಾಲದಲ್ಲಿ ನಾನೂ ತಲೆ ಆಡಿಸ್ತಿದ್ದೆ. ನಾವೆಲ್ಲಾ ಬ್ಲಾಗು ಶುರು ಮಾಡಿದ ದಿನಗಳು ನೆನಪಿಸಿಕೊಳ್ಳಿ. ವಿಂಡೋಸ್ ಎಕ್ಸ್‌ಪಿ, ಅದರಲ್ಲಿ ಒಂದೇ ಒಂದು ಯೂನಿಕೋಡ್ ಕನ್ನಡ, ತುಂಗಾ. ಅದೂ ಕಾಣಬೇಕು ಅಂದರೆ ಸಿ.ಡಿ. ಹಾಕಿ ಸೆಟ್ಟಿಂಗ್ ಬದಲಾಯಿಸಬೇಕು, ಇಲ್ಲದಿದ್ದರೆ ಚೌಕ ಚೌಕ. ಶೇಷಾದ್ರಿವಾಸು ಅವರ ಬರಹ, ಗಣಕ ಪರಿಷತ್ತಿನ ನುಡಿ ಇಲ್ಲದಿದ್ದರೆ ನಮ್ಮಲ್ಲಿ ಅರ್ಧ ಜನ ಬರೀತಾನೇ ಇರಲಿಲ್ಲ. ಆದರೆ ಕಾಲ ಅಲ್ಲೇ ನಿಂತಿಲ್ಲ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೋ ಮಾಡಿದ 'ಅಕಾಯ' ಇದೆ, ಕನ್ನಡಕ್ಕೂ ತೆಲುಗಿಗೂ. ದೊಡ್ಡದಾಗಿ ಬರೆಯೋಕೇ ಮಾಡಿದ್ದು, ತನ್ನದೇ ಒಂದು ನಡಿಗೆ ಇದೆ. ಬಾಲೂ ತಮ್ಮ ಇದೆ. ಅದೇ ಏಕ್ ಟೈಪ್‌ನವರ 'ಅನೇಕ್' ಇದೆ, ಅಗಲಿಸಬೇಕಾ ಕುಗ್ಗಿಸಬೇಕಾ, ಅಕ್ಷರ ಕೆಡದ ಹಾಗೆ ತಾನೇ ಅಗಲ ಆಗುತ್ತೆ. ಚಪಾತಿ ಎಳೆಯೋ ಶ್ರಮವೇ ಬೇಡ! ಇವೆಲ್ಲಾ ಪುಕ್ಕಟೆ.

ಇಷ್ಟೇ ಸಾಕಾ? ಸಾಲದು. ಗೂಗಲ್‌ನ ಸಂಗ್ರಹದಲ್ಲಿ ಇಂಗ್ಲಿಷ್ ಅಕ್ಷರದ ಫಾಂಟುಗಳು ಸಾವಿರಕ್ಕೂ ಹೆಚ್ಚು, ಕನ್ನಡಕ್ಕೆ ಅದರ ಒಂದು ಸಣ್ಣ ಮೂಲೆ. ಕಾರಣವೂ ಇದೆ. ಇಂಗ್ಲಿಷಿಗೆ ದೊಡ್ಡ ಸಣ್ಣ ಸೇರಿ 52 ಅಕ್ಷರ ಬರೆದರೆ ಮುಕ್ಕಾಲು ಕೆಲಸ ಆದ ಹಾಗೆ. ನಮಗೆ ವ್ಯಂಜನ, ಗುಣಿತ, ಒತ್ತು, ಅರ್ಕಾವತ್ತು ಎಲ್ಲಾ ಸೇರಿ ನೂರಾರು ಆಕಾರ. ಕುಣಿಯೋ ಅಕ್ಷರ ಆದರೆ ಇನ್ನೂ ಕಷ್ಟ. ಅಕ್ಷರ ಕುಣಿದರೆ ಅದರ ಕಾಲಡಿಯ ಒತ್ತೂ ಅದೇ ತಾಳಕ್ಕೆ ಕುಣಿಯಬೇಕು. ಬ ಲ ಜ ಟ ಣ ಇವಕ್ಕೆ ತಲೆಕಟ್ಟು ಇಲ್ಲ, ಉಳಿದ ಬಹುಪಾಲಿಗೆ ಇದೆ. ಒಂದೇ ಸಾಲಿನಲ್ಲಿ ಟೋಪಿ ಇದ್ದವರೂ ಇಲ್ಲದವರೂ ಕೂತರೂ ಹೊಂದಿಕೊಂಡು ಕಾಣಬೇಕು. ತಿಂಗಳುಗಟ್ಟಲೆ ಕೆಲಸ ಇದು. ಅದನ್ನು ಮಾಡೋ ಹುಡುಗ ಹುಡುಗಿಯರಿಗೆ ನಾವು ಎಷ್ಟು ಕೊಡ್ತೀವಿ? "ಫ್ರೀ ಇದೆಯಾ, ಲಿಂಕ್ ಕಳ್ಸಿ" ಅಂತೀವಿ. ನವೆಂಬರ್ ಒಂದಕ್ಕೆ ಬಾವುಟದ ಟೀ ಶರ್ಟಿಗೆ ಐನೂರು ರೂಪಾಯಿ ಕೊಡೋ ಕೈ, ಒಂದು ಕನ್ನಡ ಅಕ್ಷರಕ್ಕೆ ಐವತ್ತು ರೂಪಾಯಿ ಬಿಚ್ಚಲ್ಲ. ಇದರಲ್ಲಿ ನಾನೂ ಇದ್ದೀನಿ, ನೀವೂ ಇದ್ದೀರಿ. ಈ ಪ್ಯಾರಾ ಓದಿ ಬೇಜಾರಾದರೆ ಆಗಲಿ.

"ಸಾಫ್ಟ್‌ವೇರಿನಲ್ಲಿ ಯೂನಿಕೋಡ್ ಮುರಿದು ಬರುತ್ತೆ ಸಾರ್, ಅದಕ್ಕೇ ಹಳೇ ಫಾಂಟು." ಹೌದು, ಒಂದು ಕಾಲಕ್ಕೆ "ದೊಡ್‌ಡಬಳ್‌ಳಾಪುರ" ಅಂತ ಬರ್ತಿತ್ತು. ಈಗಿನ ಫೋಟೋಶಾಪಿನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆ ಅಂತಲೇ ಅಕ್ಷರ ಜೋಡಣೆಯ ಆಯ್ಕೆ ಇದೆ. ಸೆಟ್ಟಿಂಗಿನಲ್ಲಿ ಒಂದು ಸಲ ಒತ್ತಿದರೆ ಮುಗೀತು. ನಮ್ಮೂರ ಫ್ಲೆಕ್ಸ್ ಅಂಗಡಿ ಹುಡುಗನಿಗೆ ನಾನು ಇದನ್ನು ತೋರಿಸಿಕೊಟ್ಟಾಗ ಅವನು ಹತ್ತು ನಿಮಿಷ ದೊಡ್ಡಬಳ್ಳಾಪುರ, ದೊಡ್ಡಬಳ್ಳಾಪುರ ಅಂತ ಟೈಪ್ ಮಾಡ್ತಾನೇ ಇದ್ದ. "ಯಾರೂ ಹೇಳೇ ಇರ್ಲಿಲ್ಲ ಅಣ್ಣ" ಅಂದ. ನಿಜ, ಯಾರೂ ಹೇಳಿರಲಿಲ್ಲ. ಐ.ಟಿ. ರಾಜಧಾನಿಯ ಮಗ್ಗುಲಲ್ಲೇ ಇದ್ದೀವಿ, ಸಾವಿರಾರು ಜನ ದಿನಾ ಕೋಡು ಬರೆಯೋಕೆ ಆ ಕಡೆ ಹೋಗ್ತೀವಿ, ನಮ್ಮ ಬೀದಿಯ ಹುಡುಗನಿಗೆ ಒಂದು ಗುಂಡಿ ತೋರಿಸಿಕೊಡಲಿಲ್ಲ.

*

ಈಗ ಇದನ್ನೆಲ್ಲಾ ಯಾಕೆ ಹೇಳ್ತಿದ್ದೀನಿ ಅಂದರೆ ಒಂದು ಅವಕಾಶ ಬಂದಿದೆ. 1986ರಲ್ಲಿ ಹುಟ್ಟಿದ ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ 'ಬೆಂಗಳೂರು ಉತ್ತರ' ಅಂತ ಹೆಸರಿಡೋಕೆ 2025ರ ಜುಲೈ 2ರಂದು ನಂದಿ ಬೆಟ್ಟದಲ್ಲಿ ನಡೆದ ಸಚಿವ ಸಂಪುಟ ಸಭೆ ಒಪ್ಪಿತು. ಹೆಸರು ಬೇಕಿತ್ತಾ ಬೇಡವಾ ಅನ್ನೋ ಜಗಳ ಬೇರೆ, ಅದಕ್ಕೆ ಇನ್ನೊಂದು ದಿನ. ಆದರೆ ಹೆಸರು ಬದಲಾಯ್ತು ಅಂದರೆ ಬೀರಸಂದ್ರದ ಜಿಲ್ಲಾಡಳಿತ ಭವನದಿಂದ ಹಿಡಿದು ಕೊನೇ ಹಳ್ಳಿಯ ಶಾಲೆಯ ಗೋಡೆವರೆಗೆ ಎಷ್ಟು ಬೋರ್ಡು ಹೊಸದಾಗಿ ಬರೆಯಬೇಕು ಯೋಚನೆ ಮಾಡಿ. ಅಷ್ಟೂ ಬೋರ್ಡು ಮತ್ತೆ "ಯಾವ್ದಾದ್ರೂ ಹಾಕಪ್ಪ, ಬೇಗ ಆಗ್ಬೇಕು" ಅನ್ನೋ ಲೆಕ್ಕದಲ್ಲೇ ಆಗಬೇಕಾ?

ನಾನು ಕೇಳೋದು ದೊಡ್ಡದೇನಲ್ಲ. ಕಚೇರಿ, ಆಸ್ಪತ್ರೆ, ರಸ್ತೆ ಇವಕ್ಕೆ ನೆಟ್ಟಗೆ ನಿಂತ ಒಂದು ಅಕ್ಷರ, ಎಲ್ಲಾ ಕಡೆ ಅದೇ. ಒತ್ತಕ್ಷರಕ್ಕೆ ಮೂರನೇ ಗೆರೆಯ ಜಾಗ. ಎಳೆಯೋದು ಬೇಡ, ಊದಿಸೋದು ಬೇಡ. ಅಂಗನವಾಡಿಗೆ, ಉದ್ಯಾನಕ್ಕೆ, ಮಕ್ಕಳ ಗ್ರಂಥಾಲಯಕ್ಕೆ ಬೇಕಾದರೆ ಗುಂಡು ಗುಂಡಾಗಿ ಕುಣಿಯೋ ಅಕ್ಷರ, ಬೇಕಾದಷ್ಟು ಕುಣೀಲಿ. ದೇವನಹಳ್ಳಿ ಚಕ್ಕೋತದ ಬುಟ್ಟಿ ಮೇಲೆ ಆ ಅಕ್ಷರ ಹಾಕಿ ನೋಡಿ, ಹಣ್ಣಿನಷ್ಟೇ ದುಂಡಗೆ ಎಷ್ಟು ಮುದ್ದಾಗಿ ಕಾಣುತ್ತೆ. ಹೊಸಕೋಟೆಯಲ್ಲಿ ಬೆಳಗಿನ ಜಾವ ಬಿರಿಯಾನಿಗೆ ಸಾಲು ನಿಲ್ಲೋರು ಬೋರ್ಡು ನೋಡಿ ನಿಲ್ಲಲ್ಲ ಗೊತ್ತು, ಆದರೂ ಅಲ್ಲೂ ಹಾಕಿ, ಬೇಡ ಅನ್ನೋರು ಯಾರು? ಕಾನೂನು ಮಾಡೋರಿಗೆ ಒಂದೇ ಮಾತು. ಅರವತ್ತು ಅಂತ ಅಳೆದಿರಿ, ಒಳ್ಳೆಯದಾಯ್ತು. ಇನ್ನು ಅಳತೆಯ ಟೇಪು ಮಡಚಿಟ್ಟು ಒಂದು ಸಲ ಆ ಬೋರ್ಡನ್ನು ಓದಿ ನೋಡಿ.

ಬರುವ ತಿಂಗಳು ಚಿಕ್ಕಪ್ಪನ ವರ್ಷದ ಕಾರ್ಯ. ಹೋದ ವಾರ ಅವರ ಆ ಜೊತೆಗಾರರ ಮನೆಗೆ ಹೋಗಿ ಒಂದು ಬಟ್ಟೆ ಬ್ಯಾನರ್ ಬರ್ಕೊಡ್ತೀರಾ ಅಂತ ಕೇಳಿದೆ. ಕೈ ತೋರಿಸಿದರು, ನಡುಗ್ತಿತ್ತು. "ಗೆರೆ ಹೊಡ್ಕೊಡ್ತೀನಿ, ಪೆನ್ಸಿಲ್ ಹಾಕ್ಕೊಡ್ತೀನಿ, ಬಣ್ಣ ನೀನ್ ತುಂಬು" ಅಂದರು. ದುಡ್ಡು ಎಷ್ಟು ಅಂದೆ. "ಧ ಒತ್ತು ಸರ್ಯಾಗ್ ಬರ್ದ್ರೆ ಬೇಡ, ತಪ್ಪಿದ್ರೆ ಸಾವ್ರ" ಅಂದರು :) ಕಪ್ಪು ಎನಾಮಲ್ ಒಂದು ಡಬ್ಬಿ, ಎರಡು ಚಪ್ಪಟೆ ಬ್ರಷ್ಷು ತಂದಿಟ್ಟಿದ್ದೀನಿ. ದಿನಾ ರಾತ್ರಿ ಹಳೇ ಪೇಪರ್ ಮೇಲೆ ದ್ಧ ದ್ಧ ದ್ಧ ಅಂತ ತಿದ್ದುತ್ತಾ ಇದ್ದೀನಿ. ಇನ್ನೂ ಸೀಳು ಮುಚ್ಚಿಹೋಗ್ತಾ ಇದೆ.

ತಾ.ಕ.: ನಿಮ್ಮೂರಿನಲ್ಲಿ ಕೈಯಲ್ಲಿ ಬರೆದ ಹಳೇ ಬೋರ್ಡು ಇನ್ನೂ ಉಳಿದಿದ್ದರೆ ಒಂದು ಫೋಟೋ ತೆಗೆದು ನಿಮ್ಮ ಬ್ಲಾಗಿನಲ್ಲಿ ಹಾಕಿ. ಕೆಳಗೆ ಬಲಮೂಲೆಯಲ್ಲಿ ಬರೆದವರ ಹೆಸರು ಸಣ್ಣಕ್ಷರದಲ್ಲಿ ಇರುತ್ತೆ. ಅದನ್ನು ಕತ್ತರಿಸಬೇಡಿ.